ಗೆರೆ ಕಿತ್ತ ಜಾಕೆಟ್ಟು

ಮೊಮ್ಮಗಳ ಜಾಕೆಟ್ಟಿನ ಕೆಂಪು ಗೆರೆ ಕಿತ್ತವಳು ನಾನೇ. ನಡೆದದ್ದು ಅಷ್ಟೇ. ಅಮ್ಮನಿಗೆ ಕಣ್ಣು ಮಂಜು, ಕಾಣದೆ ಕಿತ್ತಳು ಎಂದು ಮಗ ಎಲ್ಲರಿಗೂ ಹೇಳುವುದು ಸುಳ್ಳು. ಕಣ್ಣು ಚೆನ್ನಾಗಿಯೇ ಕಾಣುತ್ತದೆ.

ಹುಡುಗಿಗೆ ಪಂಕ್ ಹಾಡಿನ ಹುಚ್ಚು. ಅವಳಪ್ಪ ತೊಟ್ಟಿಲಲ್ಲಿದ್ದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದ ಹುಡುಗರು ಕಿರುಚಿದ್ದನ್ನು ಈಗ ಅಡಿಲೇಡಿನಲ್ಲಿ ಇವಳು ಕಿರುಚುತ್ತಾಳೆ. ಹರಿದ ಜಾಕೆಟ್ಟು, ಅದರ ತುಂಬ ನನ್ನ ಬಳೆಯಿಂದ ಕದ್ದ ಪಿನ್ನುಗಳು. ಅದಕ್ಕೆ ನಾನು ಏನೂ ಅನ್ನಲಿಲ್ಲ. ಒಗೆಯಲು ತೆಗೆದಾಗ ಬೆನ್ನ ಮೇಲೆ ಹೊಸ ತೇಪೆ ಕಂಡಿತು: ವಾಲಿಕೊಂಡ ಸ್ವಸ್ತಿಕ, ಅದರ ಮೇಲೆ ಕೆಂಪು ದಾರದ ಅಡ್ಡಗೆರೆ. ಹೊಸಿಲ ಮುಂದೆ ನಾನು ದಿನಾ ಬರೆಯುವ ಗುರುತು! ವಾಲಿದ್ದು ಹೊಲಿಗೆ ಬಾರದ ಕೈಯಿಂದ ಎಂದುಕೊಂಡೆ. ಗೆರೆಯನ್ನು ಬ್ಲೇಡಿನಿಂದ ಬಿಡಿಸಿ ಎಸೆದೆ.

ಶನಿವಾರ ಮಧ್ಯಾಹ್ನ ಅವಳು ಅವಸರದಲ್ಲಿ ಅದನ್ನೇ ಏರಿಸಿಕೊಂಡು ನಮ್ಮ ಬಡಾವಣೆ ಗ್ಲೆನೆಲ್ಗ್‌ನಲ್ಲಿ ಟ್ರ್ಯಾಮ್ ಹತ್ತಿದಳು. ಗೆಳತಿಯರ ಬ್ಯಾಂಡಿನಲ್ಲಿ ಅಂದು ಮೊದಲ ಸಲ ಹಾಡುವವಳಿದ್ದಳು. ಸಂಜೆಗೆ ಮುಂಚೆಯೇ ವಾಪಸು ಬಂದಳು. ಜಾಕೆಟ್ಟು ಮಡಿಸಿ ಕಂಕುಳಲ್ಲಿತ್ತು.

“ಅಜ್ಜಿ, ವಾಟ್ ಡಿಡ್ ಯೂ ಡೂ? ಗೆರೆ ಎಲ್ಲಿ?”

“ಕಿತ್ತೆ. ದೇವರ ಗುರುತಿಗೆ ಗೆರೆ ಹೊಡೀತಾರೇನೇ, ಮೂದೇವಿ?”

“ಅದು ನಿನ್ನ ರಂಗೋಲಿ ಅಲ್ಲ! ಯಹೂದಿಗಳನ್ನ ಕೊಂದೋರ ಫ್ಲ್ಯಾಗ್‌ದು! ಟ್ರ್ಯಾಮಲ್ಲಿ ಒಬ್ಬ ಅಜ್ಜಿ ನನ್ನ ನೋಡಿ ಎದ್ದು ಹೋದ್ರು. ಬ್ಯಾಂಡಲ್ಲಿ ನನ್ನ ಸ್ಟೇಜೇ ಹತ್ತಿಸ್ಲಿಲ್ಲ.”

“ಮತ್ತೆ ಅಂಥ ದರಿದ್ರ ಹೊಲ್ಕೊಂಡಿದ್ದೇ ಯಾಕೆ?”

ಅತ್ತದ್ದು ಇಂಗ್ಲಿಷಿನಲ್ಲಿ, ಹೇಳಿದ್ದು ಬರುವಷ್ಟು ಕನ್ನಡದಲ್ಲಿ. ಮೊದಮೊದಲು ಕೆಲವು ಪಂಕ್ ಹುಡುಗರು ದೊಡ್ಡವರ ಹೊಟ್ಟೆ ಉರಿಸಲೆಂದೇ ಆ ಗುರುತು ಹಾಕಿಕೊಂಡರಂತೆ. ಕಪ್ಪು ಕಂದು ಚರ್ಮದವರೆಲ್ಲ ದೇಶ ಬಿಡಿ ಎನ್ನುವವರು ಅದನ್ನೇ ನಿಜವಾಗಿ ಹೊತ್ತುಕೊಂಡು ಅದೇ ಹಾಡುಗಳಿಗೆ ಬರತೊಡಗಿದರಂತೆ. ಆಗ ಉಳಿದ ಪಂಕ್‌ಗಳು ಅದರ ಮೇಲೆ ಗೆರೆ ಎಳೆದರು.

“ಆ ಗೆರೆ ನಮ್ಮಂಥೋರಿಗೋಸ್ಕರ, ಅಜ್ಜಿ.”

“ನಮ್ಮ ಗುರುತು ಕದ್ದೋರು ಅವರು. ನನ್ಯಾಕೆ ಬೈತೀಯ?”

“ನಾಳೆ ಪ್ರಾಕ್ಟೀಸಲ್ಲಿ ನನ್ನ ತೆಗೀತಾರೆ,” ಎಂದು ತನ್ನ ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಳು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವಳ ಬಾಗಿಲ ತನಕ ಹೋಗಿ ಹಿಂದಿರುಗಿದೆ.

ಬೆಳಿಗ್ಗೆ ಎದ್ದವಳೇ ಹೊಸಿಲ ಮುಂದೆ ನನ್ನ ಸ್ವಸ್ತಿಕ ಬರೆದೆ, ನೆಟ್ಟಗೆ. ಒಳಗೆ ಬಂದು, ಅವಳು ಹೊರಗೇ ಬಿಟ್ಟಿದ್ದ ಜಾಕೆಟ್ಟು ತೊಡೆಯ ಮೇಲೆ ಹಾಕಿಕೊಂಡೆ. ದಪ್ಪ ಬಟ್ಟೆಗೆ ಸೂಜಿ ಇಳಿಯಲಿಲ್ಲ. ಬಳೆಯಲ್ಲಿ ಉಳಿದಿದ್ದ ಪಿನ್ನು ಬಿಚ್ಚಿ ತೂತು ಮಾಡಿ, ಜೋಡಿ ದಾರದಲ್ಲಿ ಗೆರೆ ಎಳೆದೆ. ಆಮೇಲೆ ಚಪ್ಪಲಿ ಮೆಟ್ಟಿ, ಪ್ರಾಕ್ಟೀಸಿಗೆ ಹೊರಟ ಅವಳ ಹಿಂದೆಯೇ ಟ್ರ್ಯಾಮ್ ಹತ್ತಿದೆ. ಕಿತ್ತವಳು ನಾನು ಎಂದು ಆ ಹುಡುಗಿಯರಿಗೆ ನಾನೇ ಹೇಳಬೇಕಿತ್ತು.