ಬಟ್ಟೆ ಮಲಗಿ ಎದ್ದಿತೆ?

ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತಿದ್ದ ಕಾಲದಲ್ಲಿ, ನಾನು ಬರೆದದ್ದು ಯಾರಿಗೂ ತಿಳಿಯದಿರುವುದೇ ನನ್ನ ಪಾಂಡಿತ್ಯಕ್ಕೆ ಸಾಕ್ಷಿ ಎಂದು ಗಂಭೀರವಾಗಿ ನಂಬಿದ್ದೆ. ಆಗ ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆಯೊಂದರ ಸಾವುಕಾರರು ಕರೆಸಿದರು. ಯಾವ ಅಳತೆಯ ಪ್ಯಾಂಟಿಗೆ ಎಷ್ಟು ಬಟ್ಟೆ ಕತ್ತರಿಸಬೇಕು, ತೊಳೆದರೆ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನು ಇನ್ನು ಮುಂದೆ ಕಂಪ್ಯೂಟರ್ ಹೇಳಬೇಕಂತೆ. ಅಲ್ಲಿಯವರೆಗೆ ಹೇಳುತ್ತಿದ್ದವರು ಕುರುಗೋಡಿನಿಂದ ಬರುತ್ತಿದ್ದ ಕಟಿಂಗ್ ಮಾಸ್ಟರ್. ಕಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣ. ಪ್ರೋಗ್ರಾಂ ನಡೆದರೆ ತಮ್ಮ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಅವರು ಕೇಳಿದ್ದನ್ನೆಲ್ಲ ಹೇಳಿದರು.

ಪರೀಕ್ಷೆಯ ದಿನ ಸಾವುಕಾರರು ಮಾಸ್ಟರನ್ನು ಹೊರಗೆ ಕೂರಿಸಿ, ಕಂಪ್ಯೂಟರ್ ಹೇಳಿದ ಕ್ರಮದಲ್ಲೇ ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚಿಸಿ ಕತ್ತರಿಸಿದರು. ಹೊಲಿದು, ತೊಳೆದು ಬಂದ ಪ್ಯಾಂಟುಗಳೆಲ್ಲ ಎರಡು ಬೆರಳು ಗಿಡ್ಡ.

"ಬೇಕಂತ ತಪ್ಪು ಹೇಳೀರಿ ಮಾಸ್ಟರ್. ನಾಳಿಂದ ಬರಬ್ಯಾಡ್ರಿ."

"ಒಂದಿನ ಟೈಮ್ ಕೊಡ್ರಿ ಸಾವ್ಕಾರ್ರೆ. ನಾ ಹೇಳಿದ್ದನ್ನ ಈ ಸಾರ್ ಏನಂತ ಬರದಾರ ನೋಡ್ತೀನಿ."

ಪ್ರೋಗ್ರಾಮಿನ ಹಾಳೆಗಳನ್ನು ಕೊಟ್ಟೆ. ಮಾಸ್ಟರ್ ಅವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನ್ರೀ ಸಾರ್, ಎಕ್ಸು, ವೈ, ಕೆ ಟೂ... ಇದರಾಗ ನಾ ಹೇಳಿದ್ದು ಎಲ್ಲೈತಿ?"

"ಕೆ ಟೂ ಅಂದ್ರ ನೀವು ಹೇಳಿದ ಕುಗ್ಗೋ ಲೆಕ್ಕ."

"ಹಂಗಂತ ಬರದ್ರ ಕಂಪ್ಯೂಟರ್ ಬೈತೈತೇನ್ರಿ?"

ಬೈಯುವುದಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಅರ್ಧ ದಿನ ಬೇಕಾಯಿತು. ಮಧ್ಯಾಹ್ನ ಪಾಂಡಿತ್ಯವನ್ನು ಪಕ್ಕಕ್ಕಿಟ್ಟು, ಎಲ್ಲವನ್ನೂ ಅವರ ಮಾತಿನಲ್ಲೇ ತಿದ್ದಿ ಬರೆದೆ: ಥಾನು ಬಿಚ್ಚು, ಟೇಬಲ್ ಮೇಲೆ ಹಾಸು, ಕುಗ್ಗುವಷ್ಟು ಸೇರಿಸು, ಕತ್ತರಿಸು. ಹಾಳೆ ಮಡಚಿಕೊಂಡು ಅವರು ಕುರುಗೋಡಿನ ಬಸ್ಸು ಹತ್ತಿದರು.

ಬೆಳಿಗ್ಗೆ ಅವರು ತಂದ ಹಾಳೆಯಲ್ಲಿ ಮೊದಲೆರಡು ಸಾಲುಗಳ ನಡುವೆ ಸೀಮೆಸುಣ್ಣದ ಗೀಟಿತ್ತು.

"ಬಿಚ್ಚಿದ ಕೂಡ್ಲೆ ಹಾಸಿ ಕತ್ತರಿಸೀರಲ್ರೀ! ಬಟ್ಟಿ ಮಲಗೋದು ಯಾವಾಗ?"

ಬಿಗಿಯಾಗಿ ಸುತ್ತಿದ ಥಾನು ಜಗ್ಗಿಕೊಂಡಿರುತ್ತದಂತೆ. ಬಿಚ್ಚಿ ಒಂದು ದಿನ ಸಡಿಲ ಬಿಟ್ಟರೆ ತನ್ನ ನಿಜವಾದ ಅಳತೆಗೆ ಬರುತ್ತದಂತೆ.

"ಇದನ್ನ ನೀವು ಹೇಳಲೇ ಇಲ್ಲಲ್ರಿ?"

"ಉಸಿರಾಡ್ರಿ ಅಂತ ಯಾರಾದ್ರೂ ಹೇಳಿಕೊಡ್ತಾರೇನ್ರಿ ಸಾರ್?"

ಗೀಟಿದ್ದ ಜಾಗದಲ್ಲಿ ಒಂದು ಪ್ರಶ್ನೆ ಸೇರಿಸಿದೆ: ಬಟ್ಟೆ ಮಲಗಿ ಎದ್ದಿತೆ? ಈ ಸಲ ಹಾಳೆಯನ್ನು ಸಾವುಕಾರರೇ ಓದಿದರು. ಬರೆದದ್ದು ಅವರಿಗೂ ಅರ್ಥವಾಯಿತು; ಹಾಗೆ ಅರ್ಥವಾಗುವುದು ನನ್ನ ವೃತ್ತಿಗೆ ಅಷ್ಟೇನೂ ಗೌರವದ ಸಂಗತಿಯಲ್ಲ.

"ಇದಕ್ಕ ಹೌದು, ಇಲ್ಲ ಅನ್ನೋರು ಯಾರು?"

"ಬಟ್ಟಿ ಮ್ಯಾಲೆ ಕೈ ಇಟ್ಟು ನೋಡಿದೋರು. ಒಂದೊಂದು ಥಾನು ಒಂದೊಂದು ಥರ ಇರತೈತ್ರಿ," ಎಂದರು ಮಾಸ್ಟರ್.

ಸಾವುಕಾರರು ಮಾಸ್ಟರ ಕೈಯನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದರು. ಆಮೇಲೆ ಮೂವರಿಗೂ ಚಹಾ ತರಿಸಿದರು. ಕ್ಷಮೆ ಕೇಳುವುದರಲ್ಲಿ ಅವರು ಅದಕ್ಕಿಂತ ಮುಂದೆ ಹೋದವರಲ್ಲ. ಮಾಸ್ಟರ್ ಬಹಳ ವರ್ಷ ಆ ಟೇಬಲ್ ಬಿಡಲಿಲ್ಲ.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಕಂಪ್ಯೂಟರ್ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ. ಮಾಸ್ಟರ್ ಕೈಯಲ್ಲಿ ಪಳಗಿದ ಹೆಣ್ಣುಮಗಳೊಬ್ಬಳು ಬಟ್ಟೆಯ ಮೇಲೆ ಅಂಗೈ ಇಟ್ಟು, "ಇನ್ನೂ ಎದ್ದಿಲ್ರಿ ಇದು" ಎಂದು 'ಇಲ್ಲ' ಒತ್ತಿದಳು. ಕಂಪ್ಯೂಟರ್ ಸುಮ್ಮನೆ ಕಾಯುತ್ತಾ ಕೂತಿತು.