ಪೆಟ್ಟಿಗೆ ಅಡ್ಡವಿಟ್ಟ ಬಾಗಿಲು

ವಾಸಿಲ್ ಕಟ್ಟಿದ ಮನೆಯಲ್ಲಿ ಬಾಗಿಲುಗಳು ಹೆಚ್ಚು ಎಂದು ವೆಗ್ರೆವಿಲ್ ಊರಲ್ಲೆಲ್ಲ ಮಾತಿತ್ತು. ಅಡುಗೆಮನೆಯಿಂದ ಮಲಗುವ ಕೋಣೆಗೆ, ಕೋಣೆಯಿಂದ ಸೌದೆಮನೆಗೆ, ಸೌದೆಮನೆಯಿಂದ ದನದ ಕೊಟ್ಟಿಗೆಗೆ. ಅಂಗಳಕ್ಕೆ ಕಾಲಿಡದೆ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಮದುವೆಯಾದ ಹೊಸದರಲ್ಲೇ ಹೆಂಡತಿ ತೆಕ್ಲಾ ಸಿಡುಕಿದ್ದಳು.

"ಇದು ಮನೆಯೋ ರೈಲೋ? ಹಾಸಿಗೇಲಿ ಮಲಗಿದ್ರೂ ಸಗಣಿ ವಾಸನೆ!"

ತವರಿನಿಂದ ತಂದ ಹೂಬಣ್ಣದ ಮರದ ಪೆಟ್ಟಿಗೆಯನ್ನು ಅವಳು ಸೌದೆಮನೆಯ ಬಾಗಿಲಿಗೆ ಅಡ್ಡವಿಟ್ಟಳು. ವಾಸಿಲ್ ಅದನ್ನು ಸರಿಸಲಿಲ್ಲ. ಅಂದಿನಿಂದ ಹಾಲು ಕರೆಯಲು ಅಂಗಳ ದಾಟಿಯೇ ಹೋಗುತ್ತಿದ್ದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ಹಿಮಕ್ಕೆ ಇಳಿಯುತ್ತಿದ್ದ.

ಅವನು ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಕಾದಾಡಿ ಬಂದವನು. ಅಲ್ಲಿ ಹೇಗಿತ್ತು ಎಂದು ಕೇಳಿದರೆ "ಚಳಿ ಇತ್ತು" ಎನ್ನುತ್ತಿದ್ದ. ಅಷ್ಟರಲ್ಲೇ ಸಂಸಾರ ಸಾಗಿತ್ತು. ಮಾತು ಅವನ ಸ್ವಭಾವದಲ್ಲೇ ಇಲ್ಲ ಎಂದು ತೆಕ್ಲಾ ಸಮಾಧಾನ ಮಾಡಿಕೊಂಡಿದ್ದಳು.

ಆ ಸಮಾಧಾನವನ್ನು ಕೆಡಿಸಿದವಳು ಎಡ್ಮಂಟನ್ ನಗರದ ಜೋಸ್ಲಿನ್ ಹೇಲ್. ವಾಸಿಲ್‌ನ ಪಡೆಯ ಕುರಿತು ಪುಸ್ತಕ ಬರೆಯಲು ಟೇಪ್ ರೆಕಾರ್ಡರ್ ಹಿಡಿದು ಬಂದು ಅಡುಗೆಮನೆಯಲ್ಲಿ ಕೂತಳು. ವಾಸಿಲ್ ಮಾತಾಡಿದ. ತೆಕ್ಲಾ ಬಾಗಿಲಾಚೆ ನಿಂತರೆ ಗಂಡನ ದನಿ ಹೊಳೆಯಂತೆ ಹರಿಯುತ್ತಿತ್ತು. ಒಳಗೆ ಬಂದರೆ ಹೊಳೆ ಹೆಪ್ಪುಗಟ್ಟುತ್ತಿತ್ತು. ಒಮ್ಮೆ ಅವನು ಅಳುತ್ತಿದ್ದ, ಆ ಹೆಂಗಸಿನ ಕೈ ಅವನ ತೋಳಿನ ಮೇಲಿತ್ತು. ಬೇರೊಬ್ಬಳ ಮಗ್ಗುಲಲ್ಲಿ ಸಿಕ್ಕಿದ್ದರೆ ಪೊರಕೆ ಹಿಡಿದು ಅಟ್ಟಬಹುದಿತ್ತು. ಇದಕ್ಕೆ ಯಾವ ಪೊರಕೆ?

ಪುಸ್ತಕ ಬಂದ ದಿನ ಮಾಜಿ ಸೈನಿಕರೆಲ್ಲ ಲೀಜನ್ ಎಂಬ ತಮ್ಮ ಸಂಘದ ಸಭಾಂಗಣದಲ್ಲಿ ಸೇರಿದರು. ಯಾರೂ ಮೊದಲ ಪುಟ ತೆರೆಯಲಿಲ್ಲ. ಎಲ್ಲರೂ ಕೊನೆಯಿಂದ ತೆರೆದು, ಯಾರ ಹೆಸರು ಯಾವ ಪುಟದಲ್ಲಿದೆ ಎಂಬ ಪಟ್ಟಿಯ ಮೇಲೆ ಬೆರಳಾಡಿಸಿದರು.

ಪಕ್ಕದ ತೋಟದ ಪರಾಸ್ಕಾ ತೆಕ್ಲಾಳ ಭುಜ ತಿವಿದಳು. "ನಿನ್ ಗಂಡನ ಹೆಸರು ಎಷ್ಟು ಕಡೆ ಇದೆ ನೋಡೇ!"

"ನನ್ನದು?"

"ನೀನೆಲ್ಲಿ ಯುದ್ಧ ಮಾಡಿದ್ದೆ?"

"ದಿನಾ ಮಾಡ್ತೀನಿ. ಬರ್ಕೊಳ್ಳೋರಿಲ್ಲ."

ಜೋಸ್ಲಿನ್ ಒಳಪುಟದಲ್ಲಿ ಬರೆದುಕೊಟ್ಟಿದ್ದಳು: 'ವಾಸಿಲ್‌ಗೆ, ಎಲ್ಲವನ್ನೂ ಹೇಳಿದ್ದಕ್ಕೆ.' ಆ 'ಎಲ್ಲವನ್ನೂ' ತೆಕ್ಲಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮನೆಗೆ ಬಂದವಳೇ ಉಪ್ಪಿನಲ್ಲಿ ಹುಳಿಯಲಿಟ್ಟ ಎಲೆಕೋಸಿನ ಜಾಡಿಯ ಮುಚ್ಚಳಕ್ಕೆ ಪುಸ್ತಕವನ್ನೇ ಭಾರವಿಟ್ಟಳು. ವಾಸಿಲ್ ಆಗಲೂ ಅದನ್ನು ಎತ್ತಿಡಲಿಲ್ಲ.

ಚಳಿಗಾಲದ ಒಂದು ಸಂಜೆ, ಅವನು ಕೊಟ್ಟಿಗೆಗೆ ಹೋದಾಗ, ಎಲೆಕೋಸು ತೆಗೆಯಲೆಂದು ಪುಸ್ತಕ ಎತ್ತಿದಳು. ಉಪ್ಪುನೀರು ಕುಡಿದು ಅದು ಉಬ್ಬಿತ್ತು. ಏನು ಹೇಳಿಕೊಂಡಿದ್ದಾನೋ ನೋಡೇಬಿಡೋಣವೆಂದು ಕೋಣೆಗೆ ಒಯ್ದು, ಪೆಟ್ಟಿಗೆಯ ಮೇಲೆ ಕೂತು, ಅವಳೂ ಕೊನೆಯಿಂದಲೇ ತೆರೆದಳು. ಗಂಡನ ಹೆಸರು ಹಿಡಿದು ಇಟಲಿಯ ಒರ್ಟೋನಾ ಪಟ್ಟಣದ ಕಾಳಗದ ಪುಟಕ್ಕೆ ಬಂದಳು. ಅಲ್ಲಿ ಅವನದೇ ಮಾತು ಅಚ್ಚಾಗಿತ್ತು:

'ಬೀದಿಗೆ ಇಳಿದವರು ಉಳಿಯುತ್ತಿರಲಿಲ್ಲ. ಅದಕ್ಕೇ ಗೋಡೆ ಒಡೆದುಕೊಂಡು ಮನೆಯಿಂದ ಮನೆಗೆ ಹೋದೆವು. ಕ್ರಿಸ್‌ಮಸ್ ದಿನ ಒಂದು ಗೋಡೆ ಒಡೆಯಲೇ ಇಲ್ಲ. ಸುತ್ತಿಕೊಂಡು ಬರುತ್ತೇನೆಂದು ನನ್ನ ಗೆಳೆಯ ಓರೆಸ್ಟ್ ಹೊರಗೆ ಹೋದ. ಹೊಸ್ತಿಲು ದಾಟಿದ್ದಷ್ಟೇ.'

ತೆಕ್ಲಾ ಮತ್ತೆ ಓದಿದಳು. ಬೆನ್ನಿಗೆ ಬಾಗಿಲಿನ ಹಲಗೆ ತಣ್ಣಗೆ ತಾಗುತ್ತಿತ್ತು. ಆ ಹೆಂಗಸಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನು ಸುತ್ತಿಗೆ, ಗರಗಸ ಹಿಡಿದು ತೆಕ್ಲಾಳಿಗೆ ಹೇಳಿಯಾಗಿತ್ತು. ಅವಳು ಅದಕ್ಕೆ ಪೆಟ್ಟಿಗೆ ಅಡ್ಡವಿಟ್ಟಿದ್ದಳು.

ಎದ್ದು ಪೆಟ್ಟಿಗೆಯನ್ನು ತಳ್ಳಿದಳು. ಅದು ಕೂಗುತ್ತಾ ಸರಿಯಿತು. ತುಕ್ಕುಹಿಡಿದ ಚಿಲಕವನ್ನು ಚಪ್ಪಲಿಯಿಂದ ಹೊಡೆದು ತೆಗೆದಳು. ಆಚೆ ತುದಿಯಲ್ಲಿ ಲಾಟೀನು, ಹಸು, ಹಾಲಿನ ಬಕೆಟ್ ಹಿಡಿದು ಬಾಯಿ ತೆರೆದು ನಿಂತ ವಾಸಿಲ್.

"ಸುತ್ತಿ ಬರ್ಬೇಡ. ಇಲ್ಲೇ ಬಾ," ಎಂದಳು.

ಅವನು ಸೌದೆಯ ನಡುವೆ ಮೆಲ್ಲಗೆ ಬಂದ. ಈ ಸಲ ಎಡಬಲ ನೋಡಲಿಲ್ಲ.

"ಈ ಬಾಗಿಲಿನ ವಿಷಯ ಅವಳಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಅದು ನಮ್ಮನೆ ವಿಷಯ ಅಲ್ವಾ?"

ತೆಕ್ಲಾಳಿಗೆ ಸಣ್ಣದೊಂದು ಗೆಲುವು ಸಿಕ್ಕಂತಾಯಿತು. ಆದರೆ ಅವಳ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವಂಥದಲ್ಲ.

"ಕೂತ್ಕೋ. ಓರೆಸ್ಟ್ ಎಂಥವನು, ಹೇಳು. ಅವಳಿಗೆ ಹೇಳಿದ್ದಕ್ಕಿಂತ ಒಂದು ಮಾತಾದ್ರೂ ಜಾಸ್ತಿ ಇರ್ಬೇಕು."

ವಾಸಿಲ್ ಪೆಟ್ಟಿಗೆಯ ಮೇಲೆ ಕೂತ. ತೆರೆದ ಬಾಗಿಲಿನಿಂದ ಕೊಟ್ಟಿಗೆಯ ಬೆಚ್ಚನೆ ಉಸಿರು ಬಂತು. ಅವನು ಅತ್ತ ನೋಡಿ ನಕ್ಕ.

"ಅವನಿಗೂ ನಿನ್ ಹಾಗೇ," ಎಂದ, "ಸಗಣಿ ವಾಸನೆ ಆಗ್ತಿರ್ಲಿಲ್ಲ."