ಇಂದಿರಾಬಾಯಿಯವರ ಬರಾಬರಿ ಕುಸ್ತಿ

ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟು ಯಾವುದರ ವೇಗ ಹೆಚ್ಚೆಂದು ಪರೀಕ್ಷಿಸುವ ಮುನ್ನ ಇಂದಿರಾಬಾಯಿ ಸೆರಗು ಸಿಕ್ಕಿಸಿ ತೊಡೆ ತಟ್ಟುತ್ತಿದ್ದರು. ಆ ಸಪ್ಪಳಕ್ಕೆ ಪಕ್ಕದ ಹೊಲಿಗೆಯಂಗಡಿಯವರೂ ಬಂದು ಇಣುಕುತ್ತಿದ್ದರು. ತಂದೆ ಜಮಖಂಡಿಯ ಪೈಲ್ವಾನರು. ಮಗಳು ನಮ್ಮ ಬಡಾವಣೆ ವಿಮಾನ ನಗರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟಿದ್ದರು. ಅವರ ಬಾಯಲ್ಲಿ ಪ್ರೊಸೆಸರ್ ಎಂದರೆ ಪೈಲ್ವಾನ, ಮದರ್‌ಬೋರ್ಡ್ ಎಂದರೆ ಅಖಾಡಾ. ತುಟ್ಟಿಯದನ್ನು ಅಗ್ಗದ್ದರ ಜೊತೆ ಹೋಲಿಸಿದವರಿಗೆ ಬೈಗುಳ ತಪ್ಪದು: “ಹುಡುಗನ ಮ್ಯಾಲೆ ಉಸ್ತಾದನ್ನ ಬಿಡ್ತೀರೇನ್ರಿ? ಮೊದಲ ಸರಿಜೋಡಿ ನೋಡ್ರಿ!”

ನನಗೆ ಬೆಳಿಗ್ಗೆ ವಾಕಿಂಗ್, ಆಮೇಲೆ ಚಹಾ, ಆಮೇಲೆ ಪತ್ರಿಕೆ. ಈ ಕ್ರಮ ತಪ್ಪಿದರೆ ದಿನವೇ ತಪ್ಪಿದಂತೆ. ವಾಕಿಂಗಿನ ಜೊತೆಗಾರರು ಎದುರು ಮನೆಯ ಇನಾಮದಾರರು. ಅವರೊಡನೆ ಮಾತು ಬಿಟ್ಟದ್ದು ಒಂದು ಪ್ರೊಸೆಸರಿಗಾಗಿ. ನಮ್ಮ ಕನ್ನಡ ಸಂಘದ ನಾಟಕಗಳ ವಿಡಿಯೊ ಸಿದ್ಧಪಡಿಸಲು ಹೊಸ ಕಂಪ್ಯೂಟರ್ ಬೇಕಿತ್ತು. ನಾನು ಒಂದು ಕಂಪನಿಯ ಪ್ರೊಸೆಸರ್ ಎಂದೆ, ಅವರು ಎದುರಾಳಿ ಕಂಪನಿಯದು ಎಂದರು. ಇಬ್ಬರ ಮೊಬೈಲಿನಲ್ಲೂ ತಂತಮ್ಮ ಪಕ್ಷ ಗೆದ್ದ ಅಂಕಿಗಳೇ! ಸಭೆಯಲ್ಲಿ ದನಿ ಏರಿತು. ಮರುದಿನದಿಂದ ರಸ್ತೆಯ ಆ ಬದಿ ಅವರು, ಈ ಬದಿ ನಾನು. ಚಹಾ ರುಚಿಸದಾಯಿತು.

ಸುದ್ದಿ ತಿಳಿದ ಇಂದಿರಾಬಾಯಿ ಇಬ್ಬರನ್ನೂ ಅಂಗಡಿಗೆ ಕರೆಸಿದರು. ಒಂದೇ ಬೆಲೆಯ ಎರಡು ಪ್ರೊಸೆಸರುಗಳು, ಎರಡಕ್ಕೂ ಒಂದೇ ನಾಟಕದ ವಿಡಿಯೊ. ಬೇಸಿಗೆಯಾದ್ದರಿಂದ ಕಂಪ್ಯೂಟರ್ ಪೆಟ್ಟಿಗೆಗಳ ಪಕ್ಕದ ಮುಚ್ಚಳ ಬಿಚ್ಚಿ, “ಇಬ್ಬರಿಗೂ ಸಮ ಗಾಳಿ” ಎಂದು ಎದುರಿಗೆ ಟೇಬಲ್ ಫ್ಯಾನ್ ಇಟ್ಟು ತೊಡೆ ತಟ್ಟಿದರು.

ನನ್ನ ಪೈಲ್ವಾನ ಮುಂದೆ ಹೋದ. ನಾನು ಮೀಸೆ ತಿರುವುವಷ್ಟರಲ್ಲಿ ಇನಾಮದಾರರದು ಮುಂದೆ. “ಹಾಕಲೇ, ಹಾಕು!” ಎಂದು ಅವರು ಕುರ್ಚಿ ಬಿಟ್ಟು ಎದ್ದರು. ಮತ್ತೆ ನನ್ನದು. ಮತ್ತೆ ಅವರದು. ಇಂದಿರಾಬಾಯಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದವರು ಹಣೆ ಬಡಿದುಕೊಂಡರು. ಫ್ಯಾನು ಕತ್ತು ತಿರುಗಿಸುವಂಥದು! ಗಾಳಿ ಬಿದ್ದ ಪ್ರೊಸೆಸರ್ ಓಡುತ್ತಿತ್ತು, ಕಾವೇರಿದ್ದು ಮೆತ್ತಗಾಗುತ್ತಿತ್ತು.

“ಅಯ್ಯ ಶಿವನ! ಈ ಫ್ಯಾನ್ ಪಂಚನೇ ಲಂಚ ತಿಂದಾನ್ರಿ! ಯಾರೂ ಗೆದ್ದಿಲ್ಲ, ಕುಸ್ತಿ ಬರಾಬರಿ!”

“ಫ್ಯಾನ್ ಬಂದ್ ಮಾಡಿ ಮತ್ತ ಬಿಡ್ರಿ ಬಾಯಿ,” ಎಂದರು ಇನಾಮದಾರರು.

“ಬರಾಬರಿ ಅಂದ್ರ ಬರಾಬರಿ. ಮಣ್ಣ ಹಚ್ಚಿ ಕೈ ಕೊಡ್ರಿ. ಅಖಾಡಾದ ರೀತಿ ಅದ.”

ಮಣ್ಣೆಲ್ಲಿ? ಅಂಗಡಿಗೆ ತಂದಿಟ್ಟಿದ್ದ ಸಂಘದ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿನ ದೂಳನ್ನೇ ಬಾಚಿ ತಂದು ನಮ್ಮಿಬ್ಬರ ಅಂಗೈಗೆ ಬಳಿದರು. ಇನಾಮದಾರರು ಸೀನಿದರು. ನಾನು ನಕ್ಕೆ. ಅವರು ಹಿಡಿದ ಕೈ ಬಿಡದೆ, “ನಾಳೆ ಬರ್ತೀರೇನ್ರಿ? ಒಬ್ಬನ ನಡದು ಭಾಳ ಬ್ಯಾಸರಾಗೇದ,” ಎಂದರು.

ಸಂಘಕ್ಕೆ ಯಾವ ಕಂಪನಿಯದನ್ನು ಹಾಕಿಕೊಟ್ಟರೋ ಇಂದಿರಾಬಾಯಿ ಹೇಳಲೇ ಇಲ್ಲ. ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನೂ ಕಿತ್ತಿದ್ದರು.

ಕಳೆದ ವರ್ಷ ಇಂದಿರಾಬಾಯಿಯವರ ಮಗಳಿಗೆ ದೌಂಡ್ ಎಂಬ ಊರಿನಲ್ಲಿ ರೈಲ್ವೆ ನೌಕರಿ ಸಿಕ್ಕಿತು. ಅಂಗಡಿ ಮುಚ್ಚಿ ಅವರೂ ಹೊರಟರು. ಸ್ಟೇಷನ್ನಿಗೆ ಕಳಿಸಲು ಹೋದ ನಮ್ಮಿಬ್ಬರಿಗೆ ರೈಲಿನ ಕಿಟಕಿಯಿಂದ ಹೇಳಿದರು: “ಇನ್ನ ಜಗಳ ಬಿಡಸಾಕ ನಾ ಇರೂದಿಲ್ಲ. ಶಾಣ್ಯಾ ಆದಾಂವ ಸೋತು ಬಿಡ್ರಿ.”

“ಯಾರು?” ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ಅವರು ಗಟ್ಟಿಯಾಗಿ ನಕ್ಕರು, ಗಾಡಿ ಹೊರಟಿತು.

ಆ ಶಾಣ್ಯಾ, ಅಂದರೆ ಜಾಣ, ನಾನೇ ಎಂದು ಇನಾಮದಾರರಿಗೆ ದಿನಾ ವಾಕಿಂಗಿನಲ್ಲಿ ತಿಳಿಸಿ ಹೇಳುತ್ತಿದ್ದೇನೆ. ಅವರು ಒಪ್ಪುತ್ತಿಲ್ಲ.